ಯಾವ ಮಸೂರ?

ಹುಮನಾಬಾದಿನಲ್ಲಿ ಅಭ್ಯಾಸ ಬೋಧನೆ. ಹತ್ತನೆಯ ತರಗತಿಗೆ ಬೆಳಕಿನ ಪಾಠ. ನಾವು ಪ್ರಶಿಕ್ಷಣಾರ್ಥಿಗಳೇ ಆನ್‌ಲೈನಿನಲ್ಲಿ ಕೂಡಿಸಿಟ್ಟ ಚಿತ್ರಸಂಗ್ರಹದಲ್ಲಿ ‘ಮಸೂರ’ ಎಂದು ಹುಡುಕಿದೆ. ಗಾಜಿನ ಮಸೂರದ ಜೊತೆಗೇ ಕೆಂಪು ಬೇಳೆಯೂ ಪರದೆಗೆ ಬಂತು. ‘ಸರ್, ಇದು ಬ್ಯಾಳಿ ಅದ!’ ಎಂದು ಮಕ್ಕಳು ನಕ್ಕರು. (ಮೊದಲೇ ನೋಡಿಕೊಳ್ಳದ್ದು ನನ್ನ ತಪ್ಪು.) ಪದವೇನೂ ದಾರಿ ತಪ್ಪಿಲ್ಲ. ಲ್ಯಾಟಿನ್‌ನಲ್ಲೂ ‘ಲೆನ್ಸ್’ ಎಂದರೆ ಮಸೂರ ಕಾಳು. ಆಕಾರ ನೋಡಿ ಗಾಜಿಗೆ ಆ ಹೆಸರಿಟ್ಟರು. ಅದನ್ನೇ ಹೇಳಿ ಪಾಠ ಮುಂದುವರಿಸಿದೆ.

ಆದರೂ ಚಿತ್ರಕ್ಕೆ ಬರೀ ‘ಮಸೂರ’ ಎಂಬ ಟ್ಯಾಗ್ ಸಾಲದು. ‘ಪೀನ ಮಸೂರ’, ‘ಮಸೂರ ಬೇಳೆ’ ಎಂದು ಬಿಡಿಸಿ ಬರೆಯಬೇಕು. ಬಸವಕಲ್ಯಾಣದ ಕೋಟೆಗೆ ‘ಕಲ್ಯಾಣ’ ಎಂದಷ್ಟೇ ಹಾಕಿದರೆ ಮುಂಬೈ ಹತ್ತಿರದ ಊರು, ಮದುವೆಯ ಮಂಟಪ ಎಲ್ಲ ಒಂದೇ ರಾಶಿಗೆ ಬೀಳುತ್ತವೆ. ‘ಹುಡುಕುವವರು ಒಂದೇ ಪದ ಟೈಪ್ ಮಾಡ್ತಾರಲ್ಲ?’ ಎಂದರು ಸಹಪಾಠಿಯೊಬ್ಬರು. ನಿಜ. ಅದಕ್ಕೇ ವಿಕಿಮೀಡಿಯ ಕಾಮನ್ಸ್‌ನ ರೀತಿ ನನಗೆ ಹಿಡಿಸಿದೆ: ಹಲವು ಅರ್ಥದ ಪದದಡಿ ಚಿತ್ರಗಳನ್ನು ತುಂಬದೆ, ಯಾವುದು ಬೇಕೆಂದು ಆರಿಸಿಕೊಳ್ಳಲು ಪಟ್ಟಿ ಕೊಡುತ್ತಾರೆ.

ನಮ್ಮ ಸಂಗ್ರಹದ ‘ಕೋಶ’ದಡಿ ಈರುಳ್ಳಿ ಪೊರೆಯ ಜೀವಕೋಶವೂ ಟಾರ್ಚಿನ ಶುಷ್ಕಕೋಶವೂ ಇನ್ನೂ ಒಟ್ಟಿಗೇ ಇವೆ. ಮುಂದಿನ ತಂಡ ಶಾಲೆಗೆ ಹೋಗುವ ಮೊದಲು ಬಿಡಿಸಿಡೋಣ.