ಟಿಕೆಟ್ ದುಬಾರಿ ಮಾಡಿದರೆ ಕೂಗುವವರು ಯಾರು?



ಫುಟ್‌ಬಾಲ್ ಪಂದ್ಯದ ಟಿಕೆಟ್ ಬೆಲೆ ಎಷ್ಟಿರಬೇಕು ಅಂತ ಇಂಗ್ಲೆಂಡ್ ದೇಶದಲ್ಲಿ ಬಹಳ ವರ್ಷದಿಂದ ಜಗಳ ಇದೆ. ಅದು ನಮಗ್ಯಾಕೆ ಎಂದು ಮುಂದಿನ ಲೇಖನಕ್ಕೆ ಹೋಗಬೇಡಿ. ಮೆಸ್ಸಿ ಕಡೆಯವರು, ರೊನಾಲ್ಡೊ ಕಡೆಯವರು ಅಂತ ನಮ್ಮ ತರಗತಿಯಲ್ಲೇ ಎರಡು ಪಕ್ಷ ಇದೆ. ಅವರಾದರೂ ಓದಲೇಬೇಕು.

2016ನೇ ಇಸವಿ ಫೆಬ್ರವರಿ 6ರಂದು ಆನ್‌ಫೀಲ್ಡ್ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ಸಂಡರ್‌ಲ್ಯಾಂಡ್ ತಂಡಗಳಿಗೆ ಪಂದ್ಯವಿತ್ತು. ಅದಕ್ಕೆ ಕೆಲವು ದಿನ ಮುಂಚೆ ಲಿವರ್‌ಪೂಲ್ ಕ್ಲಬ್ಬಿನವರು, ಮುಂದಿನ ಸೀಸನ್ನಿನಿಂದ ಎಲ್ಲಕ್ಕಿಂತ ಹೆಚ್ಚಿನ ಟಿಕೆಟ್ 77 ಪೌಂಡ್ ಎಂದು ಹೇಳಿದ್ದರು. ಮೊದಲು ಅದು 59 ಪೌಂಡ್ ಇತ್ತು. ಆಗಿನ ಲೆಕ್ಕದಲ್ಲಿ 77 ಪೌಂಡ್ ಅಂದರೆ ಸುಮಾರು 7,500 ರೂಪಾಯಿ. ಒಂದೂವರೆ ಗಂಟೆ ಆಟಕ್ಕೆ! ಅಭಿಮಾನಿಗಳು ಏನು ಮಾಡಿದರು ಗೊತ್ತೆ? ಆಟ 77ನೇ ನಿಮಿಷಕ್ಕೆ ಬಂದ ಕೂಡಲೆ ಸುಮಾರು 10,000 ಜನ ಎದ್ದು ಹೊರಗೆ ನಡೆದುಬಿಟ್ಟರು. ಆಗ ಲಿವರ್‌ಪೂಲ್ 2-0ರಿಂದ ಮುಂದಿತ್ತು. ಇವರು ಹೋದ ಮೇಲೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಪಂದ್ಯ 2-2 ಸಮ ಆಯಿತು. ಜನ ಹೋಗಿದ್ದಕ್ಕೇ ಹಾಗಾಯಿತು ಎಂದು ಯಾರೂ ಸಾಬೀತು ಮಾಡೋಕಾಗಲ್ಲ, ಆದರೆ ನನಗೆ ಹಾಗೇ ಅನ್ನಿಸುತ್ತದೆ. ನಾಲ್ಕೇ ದಿನದಲ್ಲಿ ಕ್ಲಬ್ಬಿನ ಮಾಲೀಕರು ಕ್ಷಮೆ ಕೇಳಿ 77 ಪೌಂಡ್ ಬೆಲೆ ಕೈಬಿಟ್ಟರು.

ಈ ವಿಷಯ ಹೇಳಿದಾಗ ನನ್ನ ಸ್ನೇಹಿತನೊಬ್ಬ, "ಅದರಲ್ಲಿ ತಪ್ಪೇನೋ? ಟೊಮೇಟೊ ಕೇಳುವವರು ಜಾಸ್ತಿಯಾದರೆ ಸಂತೇಲಿ ರೇಟು ಏರಲ್ವಾ? ದುಡ್ಡಿದ್ದವನು ಹೋಗ್ತಾನೆ, ಇಲ್ಲದವನು ಟಿವೀಲಿ ನೋಡ್ತಾನೆ" ಎಂದ. ಅಲ್ಲಿನ ಅಭಿಮಾನಿಗಳಲ್ಲೂ ಹೀಗೆ ಹೇಳುವವರಿದ್ದಾರೆ. ಟಿಕೆಟ್ ಹೇಗೂ ಖರ್ಚಾಗುತ್ತದೆ, ಒಳ್ಳೆ ಆಟಗಾರರು ಬೇಕು ಅಂದರೆ ಹಣ ಬೇಕಲ್ಲ ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ನಾನು ಒಪ್ಪುವುದಿಲ್ಲ.

ಒಂದು ಅಂಗಡಿಯಲ್ಲಿ ಟೊಮೇಟೊ ದುಬಾರಿಯಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಲಿವರ್‌ಪೂಲ್ ಅಭಿಮಾನಿ ಅದೇ ಊರಿನ ಎವರ್ಟನ್ ತಂಡದ ಟಿಕೆಟ್ ಸೋವಿ ಇದೆ ಅಂತ ಅಲ್ಲಿಗೆ ಹೋಗುತ್ತಾನೆಯೆ? ಪ್ರಾಣ ಹೋದರೂ ಹೋಗಲ್ಲ! ಅವನ ತಾತ, ಅಪ್ಪ ಎಲ್ಲರೂ ಅದೇ ತಂಡ. ಅವನು ಬಿಟ್ಟು ಹೋಗಲಾರ ಅಂತ ಗೊತ್ತಿದ್ದೇ ಬೆಲೆ ಏರಿಸುವುದು ನ್ಯಾಯವಲ್ಲ.

ಹಣದ ವಿಷಯ ಕೇಳಿ. 2016ರಿಂದ 2019ರವರೆಗಿನ ಮೂರು ಸೀಸನ್ನಿಗೆ ಪ್ರೀಮಿಯರ್ ಲೀಗ್ ಪಂದ್ಯ ತೋರಿಸಲು ಬ್ರಿಟನ್ನಿನ ಟಿವಿ ಕಂಪನಿಗಳು ಒಪ್ಪಿಕೊಂಡಿದ್ದು 500 ಕೋಟಿ ಪೌಂಡಿಗೂ ಹೆಚ್ಚು. ಇಷ್ಟು ಬರುವಾಗಲೂ ಗ್ಯಾಲರಿಯಲ್ಲಿ ಕೂರುವವನ ಜೇಬಿಗೇ ಕೈ ಹಾಕಬೇಕಾ?

ಆ ಟಿವಿಯವರಿಗೂ ಗ್ಯಾಲರಿಯ ಜನ ಬೇಕು. 2020ರಲ್ಲಿ ಕೊರೋನಾ ಬಂದು ಖಾಲಿ ಮೈದಾನದಲ್ಲಿ ಆಟ ಆಡಿಸಿದರು. ಆಗ ಟಿವಿಯಲ್ಲಿ ಏನು ಮಾಡಿದರು? ಜನ ಕೂಗುವ ರೆಕಾರ್ಡ್ ಸದ್ದು ಹಾಕಿದರು! ಸದ್ದಿಲ್ಲದ ಆಟ ಸಪ್ಪೆ ಅಂತ ಅವರಿಗೇ ಗೊತ್ತಾಯಿತು. ನಮ್ಮ ಕಡೆ ಹಬ್ಬದಲ್ಲಿ ಕಬಡ್ಡಿ ಆಡಿಸುತ್ತಾರಲ್ಲ, ಅಂಕಣದ ಸುತ್ತ ಜನ ಇಲ್ಲದಿದ್ದರೆ ರೈಡಿಗೆ ಹೋಗುವವನಿಗೆ ಹುರುಪು ಬರುತ್ತದೆಯೆ? ಅಂದಮೇಲೆ ನೋಡಲು ಬಂದವರೂ ಆಟದ ಒಂದು ಭಾಗವೇ. ಅವರ ಕೂಗನ್ನು ಟಿವಿಗೆ ಮಾರಿ ದುಡ್ಡು ಮಾಡಿಕೊಂಡು, ಅವರಿಗೇ ಟಿಕೆಟ್ ದುಬಾರಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತೊಂದರೆ ನಮ್ಮ ವಯಸ್ಸಿನವರಿಗೆ. ನಮಗೆ ಸಂಬಳ ಇಲ್ಲ. ಅಪ್ಪ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ತನ್ನ ಒಂದು ಟಿಕೆಟ್ಟೇ ಭಾರವಾದರೆ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಒಂದು ಸಲವೂ ಮೈದಾನ ನೋಡದ ಹುಡುಗ ದೊಡ್ಡವನಾದ ಮೇಲೆ ಅಲ್ಲಿಗೆ ಹೋಗಿ ಕೂಗುತ್ತಾನೆಯೆ?

ಜರ್ಮನಿ ಸ್ವಲ್ಪ ವಾಸಿ. ಅಲ್ಲಿ ಹೆಚ್ಚಿನ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಡಾರ್ಟ್ಮುಂಡ್ ಮೈದಾನದಲ್ಲಿ ಸುಮಾರು 25,000 ಜನ ಒಂದೇ ಕಡೆ ನಿಂತು ನೋಡುತ್ತಾರೆ, ಅದಕ್ಕೆ ಹಳದಿ ಗೋಡೆ ಅಂತಲೇ ಹೆಸರು. (ನಮ್ಮದೂ ಗೋಡೆಯೇ, ಆದರೆ ಓದುವವರು 25,000 ಇಲ್ಲ!) ಆದರೂ 2016ರಲ್ಲಿ ಸ್ಟುಟ್‌ಗಾರ್ಟಿನವರು ಟಿಕೆಟ್ ದುಬಾರಿ ಮಾಡಿದ್ದಕ್ಕೆ ಡಾರ್ಟ್ಮುಂಡ್ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡು ಎಸೆದರು. ಚೆಂಡು ಎಸೆಯುವುದು ನನಗೆ ಇಷ್ಟವಿಲ್ಲ. ಎದ್ದು ಹೋಗುವುದೇ ಚೆಂದ.

ನಮ್ಮ ದೇಶದಲ್ಲಿ ಕಥೆ ಉಲ್ಟಾ. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ಚೈನೀಸ್ ತೈಪೆ ತಂಡವನ್ನು 5-0 ಸೋಲಿಸಿತು, ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದಿದ್ದವರು 2,569 ಜನ ಮಾತ್ರ. ಆಗ ನಮ್ಮ ಬೆಂಗಳೂರು ಎಫ್‌ಸಿಗೂ ಆಡುತ್ತಿದ್ದ ಅಷ್ಟು ದೊಡ್ಡ ಆಟಗಾರ, ದಯವಿಟ್ಟು ಮೈದಾನಕ್ಕೆ ಬನ್ನಿ, ಬೈಯುವುದಿದ್ದರೂ ಅಲ್ಲೇ ಬಂದು ಬೈಯಿರಿ ಎಂದು ವಿಡಿಯೋದಲ್ಲಿ ಕೇಳಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ ಎಲ್ಲ ಮುಗಿದುಹೋಯಿತು. ಒಬ್ಬ ಆಟಗಾರ ಜನರನ್ನು ಬನ್ನಿ ಬನ್ನಿ ಅಂತ ಕರೆಯುತ್ತಾನೆ, ಇನ್ನೊಂದು ಕಡೆ ಬಂದವರನ್ನೇ ಬೆಲೆಯಿಂದ ಓಡಿಸುತ್ತಾರೆ!

ಅಭಿಮಾನಿಗಳು ಕೇಳಿದ್ದಕ್ಕೆ ಫಲವೂ ಸಿಕ್ಕಿದೆ. 2016ರಲ್ಲೇ ಪ್ರೀಮಿಯರ್ ಲೀಗಿನವರು, ಬೇರೆ ಊರಿಂದ ಬರುವ ತಂಡದ ಅಭಿಮಾನಿಗಳಿಗೆ 30 ಪೌಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ನಿಯಮ ಮಾಡಿದರು. 2026ರ ವಿಶ್ವಕಪ್ಪಿನ ಬೆಲೆ ನೋಡಿ ಯುರೋಪಿನ ಅಭಿಮಾನಿಗಳು ಸಿಟ್ಟಾದಾಗ, 2025ರ ಡಿಸೆಂಬರಿನಲ್ಲಿ ಫಿಫಾ ಸಂಸ್ಥೆ ಫೈನಲ್ ಸೇರಿ ಪ್ರತಿ ಪಂದ್ಯಕ್ಕೂ 60 ಡಾಲರಿನ ಟಿಕೆಟ್ ಇಡುವುದಾಗಿ ಹೇಳಿತು. ಆದರೆ ಅವು ಕೆಲವೇ ಕೆಲವು. ಹತ್ತು ಜನಕ್ಕೆ ಒಂದು ಕಡ್ಲೆಮಿಠಾಯಿ ಹಂಚಿದ ಹಾಗೆ.

ಟೊಮೇಟೊ ಪಕ್ಷದವರು ಇದಕ್ಕೆ ಉತ್ತರ ಬರೆದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಅಕ್ಷರ ಮಾತ್ರ ದುಂಡಗೆ ಇರಲಿ.

– ಏಳನೇ ತರಗತಿ ವಿದ್ಯಾರ್ಥಿ