ಕೊಟ್ಟಿಗೆಯ ನೆಲ

ಹೈನುಗಾರಿಕೆಯನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಹಸುವಿನ ಬಾಯಿಯ ಸುತ್ತಲೇ ಸುತ್ತುತ್ತದೆ. ಯಾವ ಹಿಂಡಿ, ಎಷ್ಟು ಹಸಿಮೇವು, ಯಾವ ಖನಿಜಮಿಶ್ರಣ ಎಂದು ಆಸಕ್ತಿಯಿಂದ ವಿಚಾರಿಸುವ ನಾವು, ಆ ಮೇವನ್ನು ಹಾಲಾಗಿ ಪರಿವರ್ತಿಸುವ ಪ್ರಾಣಿಯು ದಿನದ ಅರ್ಧಭಾಗವನ್ನು ಯಾವುದರ ಮೇಲೆ ಮಲಗಿ ಕಳೆಯುತ್ತದೆಂಬುದನ್ನು ವಿಚಾರಿಸುವುದು ಅಪೂರ್ವ. ಆರೋಗ್ಯವಂತ ಹಸು ಅನುಕೂಲವಿದ್ದರೆ ದಿನಕ್ಕೆ 12 ಗಂಟೆಯ ಆಸುಪಾಸು ಮಲಗಿರುತ್ತದೆ. ಮೆಲುಕಿನ ಬಹುಪಾಲು ನಡೆಯುವುದೂ, ಕೆಚ್ಚಲಿಗೆ ಹರಿಯುವ ರಕ್ತ ಹೆಚ್ಚುವುದೂ, ಭಾರ ಹೊತ್ತು ದಣಿದ ಗೊರಸುಗಳಿಗೆ ವಿಶ್ರಾಂತಿ ದೊರೆಯುವುದೂ ಆ ಅವಧಿಯಲ್ಲಿಯೇ. ಮೇವು, ಶಯನ ಎರಡನ್ನೂ ಕೆಲವು ಗಂಟೆ ತಡೆದು ಆಮೇಲೆ ಬಿಟ್ಟುಕೊಟ್ಟಾಗ, ಹಸು ಸಾಮಾನ್ಯವಾಗಿ ಮೊದಲು ಮಲಗಲು ಹಾತೊರೆಯುತ್ತದೆಂದು ಪಶುವರ್ತನೆಯನ್ನು ಅಭ್ಯಸಿಸಿದವರು ಕಂಡಿದ್ದಾರೆ. ಆದುದರಿಂದ ನೆಲವನ್ನು ಕಟ್ಟಡದ ಲೆಕ್ಕಕ್ಕೆ ಮಾತ್ರ ಬರೆದು ಸುಮ್ಮನಾಗದೆ, ಪೋಷಣೆಯ ಲೆಕ್ಕಕ್ಕೂ ಸೇರಿಸಬೇಕೆಂಬುದು ನನ್ನ ಪಕ್ಷ.

ಹಸು ಮಲಗುವ ಕ್ರಮವನ್ನು ಗಮನಿಸಿದರೆ ಈ ಮಾತಿನ ಸತ್ಯ ತಿಳಿಯುತ್ತದೆ. ಅದು ಮೊದಲು ಮುಂಗಾಲುಗಳನ್ನು ಮಡಿಸಿ ಮಂಡಿಯೂರಿ, ಅನಂತರ ಹಿಂಭಾಗವನ್ನು ಒಂದು ಪಕ್ಕಕ್ಕೆ ಇಳಿಸುತ್ತದೆ. ಏಳುವಾಗ, ಕುದುರೆಯಂತೆ ಮುಂಗಾಲುಗಳನ್ನು ಮೊದಲು ಊರದೆ, ತಲೆಯನ್ನು ಮುಂದಕ್ಕೆ ಚಾಚಿ, ದೇಹಭಾರವನ್ನು ಮಂಡಿಗಳ ಮೇಲೆ ಹೊರಿಸಿ, ಹಿಂಗಾಲುಗಳನ್ನು ಮೊದಲು ಎತ್ತುತ್ತದೆ. ದಿನಕ್ಕೆ ಹತ್ತು ಬಾರಿಯಾದರೂ ನಡೆಯುವ ಈ ಕ್ರಿಯೆಯಲ್ಲಿ ಪ್ರತಿಸಲವೂ ಮಂಡಿ ಬರಿಯ ಕಾಂಕ್ರೀಟಿಗೆ ಅಪ್ಪಳಿಸಿದರೆ ಅದು ಊದಿಕೊಳ್ಳುತ್ತದೆ, ಹಿಂಗಾಲಿನ ಕೀಲಿನ ಮೇಲೆ ರೋಮ ಉದುರಿ ಚರ್ಮಕ್ಕೆ ಗಾಯವಾಗುತ್ತದೆ. ನೋವನ್ನರಿತ ಪ್ರಾಣಿ ನೆಲವನ್ನು ಮೂಸಿ ಮೂಸಿ ಹಿಂಜರಿದು, ಕೊನೆಗೆ ಗಂಟೆಗಟ್ಟಲೆ ನಿಂತೇ ಇರುತ್ತದೆ.

ಮಲೆನಾಡಿನಲ್ಲಿ, ವಿಶೇಷವಾಗಿ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳ ಸೌಲಭ್ಯವಿರುವ ಉತ್ತರ ಕನ್ನಡದಲ್ಲಿ, ಕೊಟ್ಟಿಗೆಗೆ ಹಸಿಸೊಪ್ಪನ್ನೋ ತರಗೆಲೆಯನ್ನೋ ಹಾಸಿ, ಸಗಣಿ ಗಂಜಲಗಳೊಡನೆ ಬೆರೆತ ಅದನ್ನು ತೋಟಕ್ಕೆ ಗೊಬ್ಬರವಾಗಿ ಒಯ್ಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹಾಸನ್ನು ಬದಲಿಸಲು ಸೋಮಾರಿತನ ತೋರಿದರೆ ಅದೇ ಹಾಸು ಕೆಚ್ಚಲು ಬಾವಿಗೆ ತವರಾಗುವುದೂ ನಿಜವೇ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿಯ ಯೋಜನೆ ಆರಂಭವಾದ ಮೇಲೆ, ಸಣ್ಣ ಗಾತ್ರದ ಮಲೆನಾಡು ಗಿಡ್ಡದಂತಹ ನಾಟಿ ದನಗಳ ಜಾಗಕ್ಕೆ ಹಲವೆಡೆ ಅವುಗಳ ಎರಡು ಮೂರು ಪಟ್ಟು ತೂಗುವ ಮಿಶ್ರತಳಿಗಳು ಬಂದವು. ತೊಳೆಯಲು ಸುಲಭವೆಂದು ಕಾಂಕ್ರೀಟ್ ನೆಲವೂ ಹರಡಿತು. ಶುಚಿಯಾದ ಹಾಲಿಗೆ ತೊಳೆಯಬಲ್ಲ ನೆಲ ಬೇಕೆಂಬ ವಾದ ನ್ಯಾಯವಾದದ್ದೇ. ಆದರೆ ಪೊರಕೆ ಹಿಡಿದವರ ಅನುಕೂಲವೊಂದನ್ನೇ ನೋಡಿ, ಹೆಚ್ಚು ಭಾರದ ಪ್ರಾಣಿಗೆ ಹೆಚ್ಚು ಗಡುಸಾದ ನೆಲವನ್ನು ಕೊಟ್ಟದ್ದು ಅವಿವೇಕವೆಂದು ಹೇಳದಿರಲಾರೆ.

ಪರಿಹಾರವೇನು? ರಬ್ಬರ್ ಮ್ಯಾಟ್ ಕಾಂಕ್ರೀಟಿಗಿಂತ ಖಂಡಿತವಾಗಿ ಲೇಸು. ಆದರೆ ಅದರ ಅಡಿಯಲ್ಲಿ ಗಂಜಲ ನಿಲ್ಲದಂತೆ ಎತ್ತಿ ತೊಳೆಯುತ್ತಿರಬೇಕು, ಮೇಲೆ ಒಣಹಾಸು ಉದುರಿಸಬೇಕು. ದಪ್ಪನಾಗಿ ಹರಡಿದ ಮರಳು ದೇಹದ ಆಕಾರಕ್ಕೆ ಒಗ್ಗುತ್ತದೆ, ರೋಗಾಣುಗಳಿಗೆ ಆಹಾರವನ್ನೂ ಒದಗಿಸುವುದಿಲ್ಲ. ಆದರೂ ಮರಳಿಗೆ ಬೆಲೆ ಬಂದಿರುವ ಈ ಕಾಲದಲ್ಲಿ ಅದನ್ನು ಬಡ ರೈತನಿಗೆ ಬೋಧಿಸಲು ನನಗೆ ಮನಸ್ಸಾಗದು. ಬಯಲುಸೀಮೆಯಲ್ಲಿ ರಾಗಿಹುಲ್ಲೇ ಮೇವಾದುದರಿಂದ ಅದನ್ನು ಹಾಸಲಾಗದು. ಭತ್ತದ ಹೊಟ್ಟು, ಕಬ್ಬಿನ ಒಣ ಸೋಗೆ, ತೆಂಗಿನ ನಾರಿನ ಪುಡಿ ದೊರೆಯುವಲ್ಲಿ ಅವನ್ನು ಒಣಗಿಸಿ ಬಳಸಬಹುದು. ಇವೆಲ್ಲಕ್ಕಿಂತ ಅಗ್ಗವಾದದ್ದು, ಕೊಟ್ಟಿಗೆಗೆ ಹೊಂದಿಕೊಂಡು ಬೇಲಿ ಹಾಕಿದ, ನೀರು ನಿಲ್ಲದ ಮಣ್ಣಿನ ಅಂಗಳ. ಮಳೆಯಿಲ್ಲದ ರಾತ್ರಿ ಅಲ್ಲಿ ಕಟ್ಟದೆ ಬಿಟ್ಟ ಹಸು ತನಗೆ ಒಪ್ಪುವ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ.

ನೆಲದ ಪರೀಕ್ಷೆಗೆ ಯಂತ್ರ ಬೇಡ. ಒಡೆಯನು ಹಸು ಮಲಗುವ ಜಾಗದಲ್ಲಿ ತಾನೇ ಮಂಡಿಯೂರಿ ನೋಡಲಿ: ಮಂಡಿ ನೊಂದರೆ ಆ ನೆಲ ಗಡುಸು, ಬಟ್ಟೆ ಒದ್ದೆಯಾದರೆ ಆ ನೆಲ ಹಸಿ. ದನದ ಕೊಟ್ಟಿಗೆಗಳಿಗೆ ನರೇಗಾ ಯೋಜನೆಯಲ್ಲಿಯೂ ಹಣ ದೊರೆತಿದೆ. ಅಂದಾಜುಪಟ್ಟಿಯನ್ನು ಸಿದ್ಧಪಡಿಸುವ ಇಂಜಿನಿಯರರೂ ಪಂಚಾಯಿತಿಯವರೂ ಗೋಡೆ, ಗೋದಲಿ, ಮಾಡುಗಳ ಜೊತೆಗೆ ಹಸುವಿನ ಹಾಸಿಗೆಗೂ ಒಂದು ಸಾಲನ್ನು ಕಡ್ಡಾಯವಾಗಿ ಸೇರಿಸಬೇಕೆಂದು ನಾನು ಪ್ರಾರ್ಥಿಸುತ್ತೇನೆ.