ಪ್ರವೇಶ ಪರೀಕ್ಷೆಯ ಕನ್ನಡ ಮತ್ತು ಹೊರನಾಡಿನ ಹೊಣೆ

ಹೊರನಾಡ ಕನ್ನಡಿಗರ ಭಾಷಾಭಿಮಾನವನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಅಳೆಯುವುದು ರೂಢಿ. ಆದರೆ ಆ ಅಭಿಮಾನ ಮುಂದಿನ ತಲೆಮಾರಿಗೆ ಎಷ್ಟರಮಟ್ಟಿಗೆ ದಾಟಿದೆ ಎಂಬುದನ್ನು ತೋರಿಸುವ ಅಳತೆಗೋಲು ಬೇರೊಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಾಮಾನ್ಯ ಪ್ರವೇಶ ಪರೀಕ್ಷೆಯ ಜೊತೆಗೆ ಹೊರನಾಡು ಹಾಗೂ ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ ನಡೆಸುವ ಕನ್ನಡ ಭಾಷಾ ಪರೀಕ್ಷೆಯೇ ಅದು. ಒಂದು ಗಂಟೆಯ ಅವಧಿ, 50 ಅಂಕಗಳು, ಪ್ರಾಥಮಿಕ ಶಾಲೆಯ ಮಟ್ಟ. ಇದರ ಅಂಕಗಳು ರ‍್ಯಾಂಕಿಗೆ ಸೇರುವುದಿಲ್ಲ. ಆದರೆ ಇದರಲ್ಲಿ ಅರ್ಹತೆ ಪಡೆಯದವರು ಹೊರನಾಡ ಕನ್ನಡಿಗರೆಂಬ ನೆಲೆಯಲ್ಲಿ ಸರಕಾರಿ ಸೀಟನ್ನು ಕೇಳುವಂತಿಲ್ಲ.

1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆ ಕರ್ನಾಟಕದಲ್ಲಿ ಆರಂಭವಾದಂದಿನಿಂದ ಅದರ ಸಿದ್ಧತೆ ಒಂದು ದೊಡ್ಡ ಉದ್ಯಮವಾಗಿಯೇ ಬೆಳೆದಿದೆ. ತಲಾ 60 ಅಂಕಗಳ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಗಾಗಿ ಹೊರನಾಡಿನ ಕುಟುಂಬಗಳೂ ಎರಡು ವರ್ಷ ಮೊದಲೇ ಮಕ್ಕಳನ್ನು ಕೋಚಿಂಗ್ ತರಗತಿಗಳಿಗೆ ಕಳುಹಿಸುತ್ತವೆ. ಕನ್ನಡಕ್ಕೆ ಉಳಿಯುವುದು ಕೊನೆಯ ಹದಿನೈದು ದಿನ. ಅಷ್ಟರಲ್ಲಿ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಮಗುವಿನ ತಲೆಗೆ ತುಂಬುವ ಪ್ರಯತ್ನ ನಡೆಯುತ್ತದೆ. ಪರೀಕ್ಷೆ ಮುಗಿದ ವಾರದಲ್ಲೇ ಅದು ಮರೆತೂ ಹೋಗುತ್ತದೆ.

ಸೀಟಿಗಾಗಿ ಕಲಿತ ಕನ್ನಡ ಕನ್ನಡವೇ ಎಂದು ಕೇಳುವವರುಂಟು. ಈ ಆಕ್ಷೇಪದಲ್ಲಿ ಹುರುಳಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ಮೆಟ್ರಿಕ್ ಪಾಸಾಗಿ ಒಳ್ಳೆಯ ನೌಕರಿ ಹಿಡಿಯಬೇಕೆಂಬ ಆಸೆಯಿಂದಲೇ ಕಲಿತರು. ಹಾಗೆ ಕಲಿತವರೇ ಮುಂದೆ ಸಂಘಗಳನ್ನು ಕಟ್ಟಿದರು, ಪತ್ರಿಕೆಗಳನ್ನು ಓದಿದರು, ನಾಟಕವಾಡಿದರು. ಹೊಟ್ಟೆಪಾಡಿನ ಉದ್ದೇಶ ಭಾಷೆಗೆ ಅವಮಾನವಲ್ಲ. ಆ ಉದ್ದೇಶ ಒದಗಿಸಿದ ಅವಕಾಶವನ್ನು ಹದಿನೈದು ದಿನಗಳಲ್ಲಿ ಮುಗಿಸಿಬಿಡುವುದೇ ಚಿಂತಿಸಬೇಕಾದ ಸಂಗತಿ.

ಈ ಸಿದ್ಧತೆ ಎಲ್ಲ ಊರುಗಳಲ್ಲೂ ಒಂದೇ ಬಗೆಯದಾಗಿರಲು ಸಾಧ್ಯವಿಲ್ಲ. ಮಾತೃಭಾಷೆ ಕನ್ನಡವಷ್ಟೇ ಅಲ್ಲದೆ ತುಳು ಅಥವಾ ಕೊಡವ ಆಗಿರುವವರಿಗೂ ಈ ಅವಕಾಶವಿದೆ. ಮುಂಬಯಿಯ ತುಳು ಮನೆಯ ಮಗು ಯಕ್ಷಗಾನದ ಪ್ರೌಢ ಅರ್ಥಗಾರಿಕೆಯನ್ನು ಕೇಳಿ ತಕ್ಕಮಟ್ಟಿಗೆ ಗ್ರಹಿಸಬಲ್ಲದು. ಆದರೆ ಅದೇ ಮಾತುಗಳನ್ನು ಬರಹದಲ್ಲಿ ಕಂಡರೆ ತಡವರಿಸುತ್ತದೆ. ಆ ಮಗುವಿಗೆ ಬೇಕಾದದ್ದು ಲಿಪಿಯ ಪರಿಚಯ. ಶಾಲೆಯಲ್ಲಿ ಮರಾಠಿ ಕಲಿತಿರುವುದರಿಂದ ಸ್ವರ, ವ್ಯಂಜನ, ಕಾಗುಣಿತಗಳ ಕ್ರಮ ಅದಕ್ಕೆ ಆಗಲೇ ಗೊತ್ತು, ಳಕಾರವೂ ಗೊತ್ತು. ಹೊಸದಾಗಿ ಕಲಿಯಬೇಕಾದದ್ದು ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದ ಮತ್ತು ಅಕ್ಷರದ ಕೆಳಗೆ ಬರುವ ಒತ್ತು. ದೆಹಲಿಯಲ್ಲಿ ಹಿಂದಿಯನ್ನಷ್ಟೇ ಓದಿದ ಮಗುವಿಗೆ ಳಕಾರವೂ ಹೊಸದು. ಚೆನ್ನೈಯಲ್ಲಿ ತಮಿಳು ಓದಿದ ಮಗುವಿಗೆ ಎ-ಏ ಭೇದ ಸಹಜ, ಮಹಾಪ್ರಾಣಗಳು ಕಷ್ಟ. ತಮಿಳು ಲಿಪಿಯಲ್ಲಿ ಅವುಗಳಿಗೆ ಪ್ರತ್ಯೇಕ ಅಕ್ಷರಗಳೇ ಇಲ್ಲ. ಹೈದರಾಬಾದಿನಲ್ಲಿ ತೆಲುಗು ಓದಿದ ಮಗುವಿಗಾದರೋ ಎರಡು ಲಿಪಿಗಳ ಹೋಲಿಕೆಯೇ ಅರ್ಧ ಪಾಠ. ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಮಾರ್ಗದರ್ಶಿ ಪುಸ್ತಕ ಈ ಎಲ್ಲರಿಗೂ ಸಲ್ಲುವುದಿಲ್ಲ. ಆಯಾ ನಗರದ ಭಾಷಾ ಪರಿಸರವನ್ನು ಬಲ್ಲವರೇ ಆಯಾ ನಗರಕ್ಕೆ ಪಾಠಗಳನ್ನು ಸಿದ್ಧಪಡಿಸಬೇಕು. ಅಂಥ ತಜ್ಞತೆ ಹೊರನಾಡಿನ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿದೆ.

ಗಡಿನಾಡಿನ ಸ್ಥಿತಿ ಇದಕ್ಕಿಂತ ಭಿನ್ನ. ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಈ ಭಾಷಾ ಪರೀಕ್ಷೆ ಸುಲಭದ ಮಾತು. ಅವರ ತೊಡಕು ಇನ್ನೊಂದು ಕಡೆ ಇದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಸೊಲ್ಲಾಪುರದಲ್ಲಿ ಪರೀಕ್ಷೆ ಬರೆಯುವ ಕನ್ನಡ ವಿದ್ಯಾರ್ಥಿಗೆ ಆ ಆಯ್ಕೆಯೇ ಇಲ್ಲ. ಗಡಿಯಾಚೆಯ ಕೇಂದ್ರಗಳಿಗೂ ಇದನ್ನು ವಿಸ್ತರಿಸಬೇಕೆಂದು ಸಂಘಸಂಸ್ಥೆಗಳು ಒಟ್ಟಾಗಿ ಒತ್ತಾಯಿಸುವುದು ನ್ಯಾಯಸಮ್ಮತ.

ಅರ್ಜಿಯ ವಿಷಯವನ್ನೂ ಕಡೆಗಣಿಸುವಂತಿಲ್ಲ. ಮಾತೃಭಾಷೆಯನ್ನೂ ಕುಟುಂಬದ ಮೂಲವನ್ನೂ ದೃಢಪಡಿಸುವ ಪ್ರಮಾಣಪತ್ರಗಳು ಕೊನೆಯ ಗಳಿಗೆಯಲ್ಲಿ ಕೈಗೆ ಬರುವಂಥವಲ್ಲ. ಶಾಲೆಗೆ ಸೇರಿಸುವಾಗಲೇ ದಾಖಲೆಯಲ್ಲಿ ಮಾತೃಭಾಷೆಯನ್ನು ಸರಿಯಾಗಿ ಬರೆಸುವುದು, ಊರಿನ ಕಡತಗಳನ್ನು ಜೋಪಾನ ಮಾಡುವುದು ಪೋಷಕರು ಅರಿತಿರಬೇಕಾದ ಕೆಲಸ. ಶಿಕ್ಷಿತ ಕುಟುಂಬಗಳಿಗೆ ಇದು ತಾನಾಗಿ ತಿಳಿಯುತ್ತದೆ. ಕ್ಯಾಂಟೀನಿನಲ್ಲಿ ದುಡಿಯುವ ತಂದೆಗೆ ಯಾರಾದರೂ ಹೇಳಬೇಕು. ಇಂಥವರ ಮಕ್ಕಳಿಗೆ ಸರಕಾರಿ ಸೀಟಿನ ಅಗತ್ಯವೂ ಹೆಚ್ಚು.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಸ್ಥಳೀಯ ಸಂಘಗಳೊಡನೆ ಕೂಡಿ ಎಂಟನೆಯ ಇಯತ್ತೆಯಿಂದಲೇ ಭಾನುವಾರದ ಕನ್ನಡ ತರಗತಿಗಳನ್ನು ನಡೆಸುವುದು ಅಪೇಕ್ಷಣೀಯ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಲ್ಲಿ ಬೋಧನೆಯ ಅನುಭವ ದೊರೆಯುತ್ತದೆ. ಮೂರು ನಾಲ್ಕು ವರ್ಷ ಹಾಗೆ ಕಲಿತ ಮಗು ಪ್ರಾಧಿಕಾರದ ಪರೀಕ್ಷೆಯನ್ನು ನಿರಾಯಾಸವಾಗಿ ದಾಟುವುದಲ್ಲದೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ 2022ರಲ್ಲಿ ಆರಂಭವಾದ ಸಿಯುಇಟಿ ಪರೀಕ್ಷೆಯಲ್ಲಿ ಕನ್ನಡವನ್ನು ಭಾಷಾವಿಷಯವಾಗಿ ಆರಿಸಿಕೊಳ್ಳುವ ಧೈರ್ಯವನ್ನೂ ಪಡೆದೀತು. ಇದು ಕೋಚಿಂಗ್ ಕೆಲಸ, ವಿಭಾಗದ ಘನತೆಗೆ ತಕ್ಕುದಲ್ಲ ಎಂದು ವಿದ್ವಾಂಸರು ದೂರ ನಿಲ್ಲಬಾರದು. ಅಕ್ಷರ ಬಾರದ ಮಗು ಮುಂದೆ ಕನ್ನಡ ಎಂ.ಎ. ತರಗತಿಗೆ ಬರುವುದಿಲ್ಲ, ವಿಭಾಗದ ಪ್ರಕಟಣೆಗಳನ್ನು ಓದುವುದೂ ಇಲ್ಲ. ಹೊರನಾಡಿನಲ್ಲಿ ಕನ್ನಡ ವಿಭಾಗಗಳ ಉಳಿವು ಈ ಮಕ್ಕಳ ಓದನ್ನು ಅವಲಂಬಿಸಿದೆ ಎಂಬುದನ್ನು ಮನಗಂಡು, ಬರುವ ಶೈಕ್ಷಣಿಕ ವರ್ಷದಿಂದಲೇ ಈ ಕಾರ್ಯಕ್ಕೆ ತೊಡಗುವುದು ಉಚಿತ.